ಅಂಟದ ಲೇಪನವನ್ನು ಅಂಟಿಸುವ ವೆಚ್ಚ

ದಾಸ್ತಾನು ಪುಸ್ತಕದ ತೂಕಕ್ಕೂ ಕೈಗೆ ಬಂದ ಸರಕಿಗೂ ತಾಳೆಯಾಗದಿದ್ದರೆ ವರ್ತಕನು ಮೊದಲು ಶಂಕಿಸುವುದು ಸೋರಿಕೆಯನ್ನು. 1938ರ ಏಪ್ರಿಲ್ 6ರಂದು ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಅವರಿಗೆ ಎದುರಾದದ್ದು ಇದಕ್ಕಿಂತ ವಿಚಿತ್ರವಾದ ಸಂಗತಿ. ಶೀತಕಗಳ ಸಂಶೋಧನೆಗಾಗಿ ಟೆಟ್ರಾಫ್ಲೂರೋಎಥಿಲೀನ್ ತುಂಬಿಟ್ಟಿದ್ದ ಸಿಲಿಂಡರಿನಿಂದ ಅನಿಲ ಬರುವುದು ನಿಂತುಹೋಯಿತು. ತೂಗಿ ನೋಡಿದರೆ ಒಳಗೆ ಇನ್ನೂ ಸರಕಿತ್ತು. ಸಿಲಿಂಡರನ್ನು ಕೊಯ್ದು ನೋಡಿದಾಗ ಮೇಣದಂತೆ ನುಣುಪಾದ ಬಿಳಿಯ ಪುಡಿ ದೊರೆಯಿತು. ಅದೇ ಪಿಟಿಎಫ್‌ಇ, ಮುಂದೆ ಟೆಫ್ಲಾನ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ವಸ್ತು.

ಅಂಟದಿರಲು ಕಾರಣ

ಪಿಟಿಎಫ್‌ಇ ಅಣುವಿನಲ್ಲಿ ಇಂಗಾಲದ ಉದ್ದನೆಯ ಸರಪಳಿಯನ್ನು ಫ್ಲೂರಿನ್ ಪರಮಾಣುಗಳು ಕವಚದಂತೆ ಮುಚ್ಚಿರುತ್ತವೆ. ಫ್ಲೂರಿನ್ ತನ್ನ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿಡುವುದರಿಂದ ಹೊರಗಿನ ವಸ್ತುವಿನೊಡನೆ ಆಕರ್ಷಣೆ ಅತ್ಯಲ್ಪ. ನೀರಿನ ಮೇಲ್ಮೈ ಕರ್ಷಣವು ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಇದ್ದರೆ, ಪಿಟಿಎಫ್‌ಇಯ ಮೇಲ್ಮೈ ಶಕ್ತಿ ಅದೇ ಅಳತೆಯಲ್ಲಿ ಸುಮಾರು 18 ಮಾತ್ರ. ಆದ್ದರಿಂದಲೇ ಅದರ ಮೇಲೆ ನೀರು ಹರಡದೆ ಹನಿಗಟ್ಟುತ್ತದೆ. ದೋಸೆ ಸುಲಭವಾಗಿ ಏಳುತ್ತದೆ.

ಹಿಡಿತವಿರುವುದು ತಳದಲ್ಲಿ

ಯಾವುದಕ್ಕೂ ಅಂಟದ ವಸ್ತುವು ಅಲ್ಯೂಮಿನಿಯಂ ಬಾಣಲೆಗೆ ಅಂಟುವುದಾದರೂ ಹೇಗೆ? 1954ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಇದಕ್ಕೆ ಉತ್ತರ ಕಂಡುಕೊಂಡರು. ಆಮ್ಲದಿಂದ ಲೋಹದ ಮೇಲ್ಮೈಯಲ್ಲಿ ಸೂಕ್ಷ್ಮ ಕುಳಿಗಳನ್ನು ಮಾಡಿ, ಅವುಗಳಲ್ಲಿ ಪಿಟಿಎಫ್‌ಇ ಕೂರುವಂತೆ ಕಾಯಿಸಿದಾಗ ಬೇರೂರಿದಂತೆ ಹಿಡಿತ ದೊರೆಯಿತು. 1956ರಲ್ಲಿ ಟೆಫಾಲ್ ಸಂಸ್ಥೆ ಹುಟ್ಟಿತು. ಜಿಡ್ಡು ತೆಗೆಯುವುದು, ಗ್ರಿಟ್ ಬ್ಲಾಸ್ಟಿಂಗ್‌ನಿಂದ ತಳವನ್ನು ಒರಟಾಗಿಸುವುದು, ಪ್ರೈಮರ್, ಮೇಲಿನ ಪದರ, ಕೊನೆಗೆ ಓವನ್ ಎಂಬುದು ಇಂದು ರೂಢಿಯಲ್ಲಿರುವ ಕ್ರಮ. ಪಿಟಿಎಫ್‌ಇ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪದರ ಒಂದಾಗಿ ಕೂಡಿಕೊಳ್ಳಬೇಕಾದರೆ ಲೇಪನದ ಉಷ್ಣತೆ ಅದನ್ನು ಮೀರಲೇಬೇಕು.

ಲೆಕ್ಕಪತ್ರದ ದೃಷ್ಟಿ

ಗ್ರಾಹಕನ ಕಣ್ಣಿಗೆ ಬೀಳುವುದು ಮೇಲಿನ ಪದರ ಮಾತ್ರ. ಹೀಗಾಗಿ ದರದ ಪೈಪೋಟಿಯಲ್ಲಿ ತಳದ ಸಿದ್ಧತೆಯ ವೆಚ್ಚಕ್ಕೇ ಕತ್ತರಿ ಬೀಳುವ ಅಪಾಯವುಂಟು. ಆ ಉಳಿತಾಯ ಅದೇ ತಿಂಗಳ ವೆಚ್ಚಪಟ್ಟಿಯಲ್ಲಿ ಕಾಣುತ್ತದೆ. ಪದರ ಎದ್ದು ಮರಳಿ ಬರುವ ಸರಕಿನ ನಷ್ಟವಾದರೋ ಬಹಳ ತಡವಾಗಿ ಬೆಳಕಿಗೆ ಬರುತ್ತದೆ. ಆದಕಾರಣ ಸಿದ್ಧತೆಯ ವೆಚ್ಚವನ್ನು ಪ್ರತ್ಯೇಕ ಶೀರ್ಷಿಕೆಯಲ್ಲಿ ತೋರಿಸುವುದೂ ಪ್ರತಿ ಬ್ಯಾಚಿನ ಓವನ್ ಉಷ್ಣತೆಯನ್ನು ದಾಖಲಿಸುವುದೂ ಹಿತಕರ. ವಾರಂಟಿ ನೀಡಿದ್ದಲ್ಲಿ, ಎಎಸ್-29 ಅನ್ವಯವಾಗುವ ಘಟಕಗಳು ಅಂದಾಜು ಹೊಣೆಗೆ ಮಾರಾಟದ ವರ್ಷದಲ್ಲೇ ಅವಕಾಶ ಕಲ್ಪಿಸಬೇಕು. ತಯಾರಿಕೆಯಲ್ಲಿ ಹಿಂದೆ ಬಳಕೆಯಲ್ಲಿದ್ದ ಪಿಎಫ್‌ಓಎ 2019ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ಪಟ್ಟಿಗೆ ಸೇರಿದೆ. ಲೇಪನ ದ್ರಾವಣ ಕೊಳ್ಳುವಾಗ ಅದು ಇಲ್ಲವೆಂಬ ಲಿಖಿತ ಪ್ರಮಾಣಪತ್ರ ಪಡೆಯುವುದು ಕ್ಷೇಮ. ಹೊರಗಿನ ಘಟಕದಿಂದ ಲೇಪನ ಮಾಡಿಸುವವರು ತಳದ ಸಿದ್ಧತೆಯ ವಿಧಾನವನ್ನೂ ಖರೀದಿ ಆದೇಶದಲ್ಲೇ ಬರೆದಿಡತಕ್ಕದ್ದು.