ಹಿತ್ತಲಲ್ಲಿ ಕಾಡಿನ ಮರಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಭದ್ರಾ ನಾಲೆಯ ಗದ್ದೆಗಳು, ಕಬ್ಬಿನ ತೋಟಗಳು, ತುಂಗಭದ್ರೆಯ ದಂಡೆ ಇರುವಲ್ಲಿಯವರೆಗೂ ಈಗ ದಾವಣಗೆರೆ, ಹರಿಹರದ ಬಡಾವಣೆಗಳು ಚಾಚಿಕೊಂಡಿವೆ. ಹಾಗಾಗಿ ಕುಂದವಾಡ ಕೆರೆಯ ಆಸುಪಾಸಿನ ಮನೆಯಾಗಲಿ, ಹರಿಹರದ ಹೊಳೆದಂಡೆಯ ಮನೆಯಾಗಲಿ, ಹಿತ್ತಲಲ್ಲಿ ಅಳಿಲು, ಮುಂಗುಸಿ, ಗೂಬೆ ಅಥವಾ ಹಾವಿನ ಮರಿ ಕಂಡರೆ ಅಚ್ಚರಿಯಿಲ್ಲ. ಕಂಡವರ ಮನಸ್ಸು ಕರಗುವುದು ಸಹಜ. ಆದರೆ ತಿಳಿಯದೆ ತೋರಿದ ಕರುಣೆ ಎಷ್ಟೋ ಸಲ ಮರಿಯ ಜೀವಕ್ಕೇ ಎರವಾಗುತ್ತದೆ.

ತಪ್ಪು ಕಲ್ಪನೆ: ಮರಿ ಒಂಟಿಯಾಗಿದೆ ಎಂದರೆ ತಾಯಿ ಬಿಟ್ಟು ಹೋಗಿದೆ.
ವಾಸ್ತವ: ಕಾಡುಮೊಲ ತನ್ನ ಮರಿಯನ್ನು ಹಗಲೆಲ್ಲ ಹುಲ್ಲಿನ ಮರೆಯಲ್ಲಿ ಬಿಟ್ಟು ದೂರವಿರುತ್ತದೆ, ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. ತಾನು ಹತ್ತಿರವಿದ್ದರೆ ನಾಯಿ, ನರಿಗಳಿಗೆ ಸುಳಿವು ಸಿಗುತ್ತದೆಂದೇ ಈ ಎಚ್ಚರ. ಪುಕ್ಕ ಮೂಡಿದ ಪಿಕಳಾರದ ಮರಿ ಕರಿಬೇವಿನ ಗಿಡದ ಬುಡದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ತಂದೆತಾಯಿ ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ಮನೆಯ ನಾಯಿಯನ್ನು ಕಟ್ಟಿ, ಮಕ್ಕಳನ್ನು ಒಳಗೆ ಕರೆದು, ದೂರದಿಂದ ಗಮನಿಸಿದರೆ ಸಾಕು. ಗಾಯವಾಗಿದ್ದರೆ, ಇರುವೆ ಮುತ್ತಿದ್ದರೆ, ತಾಯಿ ಸತ್ತಿರುವುದು ಕಂಡರೆ ಮಾತ್ರ ನೆರವು ಬೇಕು.

ತಪ್ಪು ಕಲ್ಪನೆ: ಮನುಷ್ಯ ಮುಟ್ಟಿದರೆ ತಾಯಿ ಮರಿಯನ್ನು ಸೇರಿಸುವುದಿಲ್ಲ.
ವಾಸ್ತವ: ಒಮ್ಮೆ ಮುಟ್ಟಿದ ಮಾತ್ರಕ್ಕೆ ಹಕ್ಕಿಯಾಗಲಿ ಅಳಿಲಾಗಲಿ ಸಾಮಾನ್ಯವಾಗಿ ಮರಿಯನ್ನು ತೊರೆಯುವುದಿಲ್ಲ. ಕಾಯಿ ಕೀಳುವಾಗ, ಗರಿ ಕಡಿಯುವಾಗ ತೆಂಗಿನ ಮರದಿಂದ ಅಳಿಲಿನ ಗೂಡು ಬೀಳುವುದುಂಟು. ಕಣ್ಣು ಬಿಡದ ಮರಿ ತಣ್ಣಗಾಗಿದ್ದರೆ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಬೆಚ್ಚಗೆ ಮಾಡಿ. ಬಳಿಕ ಮೆತ್ತನೆ ಬಟ್ಟೆ ಹಾಸಿದ, ಮೇಲೆ ತೆರೆದ ಡಬ್ಬಿಯಲ್ಲಿ ಮರಿಯನ್ನಿಟ್ಟು ಅದೇ ಮರಕ್ಕೆ ಕಟ್ಟಿ. ಅಳಿಲು ಹಗಲಲ್ಲಿ ಓಡಾಡುವ ಪ್ರಾಣಿ. ಹೊತ್ತು ಮುಳುಗುವ ಮುಂಚೆ ಇಟ್ಟರೆ ತಾಯಿ ಕಚ್ಚಿಕೊಂಡು ಬೇರೆ ಗೂಡಿಗೆ ಒಯ್ಯಬಹುದು. ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ. ಪ್ರಾಣಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ರೇಬೀಸ್ ಲಸಿಕೆಗಾಗಿ ಅಂದೇ ವೈದ್ಯರನ್ನು ಕಾಣಿ.

ತಪ್ಪು ಕಲ್ಪನೆ: ಹಸಿದ ಮರಿಗೆ ಹಸುವಿನ ಹಾಲು ಕುಡಿಸಬೇಕು.
ವಾಸ್ತವ: ಎಷ್ಟೋ ಮರಿಗಳು ಸಾಯುವುದು ಇದರಿಂದಲೇ. ಒಂದೊಂದು ಪ್ರಾಣಿಯ ಹಾಲಿನ ಹದವೂ ಬೇರೆ. ಹಸುವಿನ ಹಾಲಿನಿಂದ ಭೇದಿಯಾಗಿ ಮರಿಯ ಮೈಯ ನೀರು ಬತ್ತುತ್ತದೆ. ಇಂಕ್ ಫಿಲ್ಲರ್‌ನಲ್ಲಿ ಹಾಕಿದ ಹಾಲು ಹೊಟ್ಟೆಗಿಳಿಯುವ ಬದಲು ಶ್ವಾಸಕೋಶಕ್ಕೆ ಹೋಗುವುದೂ ಉಂಟು. ಹಕ್ಕಿಮರಿಗಂತೂ ಹಾಲು ಆಹಾರವೇ ಅಲ್ಲ. ತಿಳಿದವರು ಹೇಳುವವರೆಗೆ ಮರಿಗೆ ಬೇಕಾದದ್ದು ಬೆಚ್ಚನೆ, ಕತ್ತಲು ಮತ್ತು ಸದ್ದಿಲ್ಲದ ಜಾಗ.

ತಪ್ಪು ಕಲ್ಪನೆ: ಕಬ್ಬಿನ ಗದ್ದೆಯಲ್ಲಿ ಸಿಕ್ಕಿದ ಮರಿ ಎಂದರೆ ಚಿರತೆಯದೇ.
ವಾಸ್ತವ: ಎಷ್ಟೋ ಸಲ ಅದು ಕಾಡುಬೆಕ್ಕಿನ ಮರಿ. ಅದರ ಮೈಮೇಲೆ ಮಸುಕಾದ ಪಟ್ಟೆಗಳಿರುತ್ತವೆ, ಬಾಲ ಗಿಡ್ಡ. ಚಿರತೆ ಮರಿಗೆ ಒತ್ತಾದ ಚುಕ್ಕೆ, ಉದ್ದ ಬಾಲ. ಯಾವುದೇ ಆದರೂ ಎತ್ತಿಕೊಂಡು ಫೋಟೊ ತೆಗೆಯಬೇಡಿ. ಚಿರತೆಯದಾಗಿದ್ದರೆ ತಾಯಿ ಹತ್ತಿರದಲ್ಲೇ ಇರಬಹುದು. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಕಬ್ಬು ಕಡಿಯುವಾಗ ಸಿಕ್ಕ ಚಿರತೆ ಮರಿಗಳನ್ನು ಅದೇ ಜಾಗದಲ್ಲಿ ಪೆಟ್ಟಿಗೆಯಲ್ಲಿಟ್ಟಾಗ, ರಾತ್ರಿ ತಾಯಿ ಬಂದು ಒಯ್ದ ನಿದರ್ಶನಗಳು ಹಲವಿವೆ.

ತಪ್ಪು ಕಲ್ಪನೆ: ಹಾವಿನ ಮರಿಗೆ ವಿಷವಿಲ್ಲ.
ವಾಸ್ತವ: ಮೊಟ್ಟೆಯೊಡೆದು ಬಂದ ನಾಗರಮರಿಗೂ, ಆಗತಾನೆ ಹುಟ್ಟಿದ ಕೊಳಕುಮಂಡಲದ ಮರಿಗೂ ವಿಷವಿದೆ. ಹೊಡೆಯಬೇಡಿ, ಹಿಡಿಯಲೂ ಹೋಗಬೇಡಿ. ಕಚ್ಚಿದರೆ ನಾಟಿಮದ್ದು, ಮಂತ್ರವೆಂದು ತಡಮಾಡದೆ ಆಸ್ಪತ್ರೆಗೆ ಓಡಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. ಜನ ಹೆದರುವ ಹಾವುರಾಣಿಗೆ ಮಾತ್ರ ವಿಷವೇ ಇಲ್ಲ.

ತಪ್ಪು ಕಲ್ಪನೆ: ನಮ್ಮ ಹಿತ್ತಲಲ್ಲಿ ಸಿಕ್ಕಿದ್ದು, ನಾವೇ ಸಾಕಬಹುದು.
ವಾಸ್ತವ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿಯನ್ನು ಸಾಕುವಂತಿಲ್ಲ. ತೆಂಗಿನ ಪೊಟರೆಯ ಗಿಳಿಮರಿಗೂ ಇದು ಅನ್ವಯ. ಅಂಥ ಪ್ರಾಣಿ ಕೈಸೇರಿದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ತಪ್ಪಿದರೆ ಜೈಲು, ದಂಡ ಎರಡೂ ಆಗಬಹುದು. ಆನಗೋಡಿನ ಪ್ರಾಣಿಸಂಗ್ರಹಾಲಯ ಹತ್ತಿರವಿದೆಯೆಂದು ನೀವೇ ಒಯ್ಯುವುದೂ ಬೇಡ. ಮರಿ ಎಲ್ಲಿಗೆ ಹೋಗಬೇಕೆಂದು ಅರಣ್ಯ ಇಲಾಖೆ ತೀರ್ಮಾನಿಸಲಿ. ಮನುಷ್ಯರ ನಡುವೆ ಬೆಳೆದ ಮರಿ ಹೆದರಿಕೆಯನ್ನೂ ಬೇಟೆಯನ್ನೂ ಕಲಿಯದೆ, ಮುಂದೆ ಹೊರಗೆ ಬಿಟ್ಟರೂ ಬದುಕುವುದು ಕಷ್ಟ.

ಮರಿ ಕಂಡಾಗ ಮೊದಲು ದೂರ ನಿಲ್ಲಿ, ತಾಯಿಗೆ ಸಮಯ ಕೊಡಿ. ಅಪಾಯ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಈ ಸಂಖ್ಯೆಯನ್ನು ಇಂದೇ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ, ನೆರೆಮನೆಯವರಿಗೂ ಹೇಳಿ.