ಡಾಬಕಾಕ್ಕಿರುವ ಸಭೆ ಬೀದರಿಗೆ ಏಕಿಲ್ಲ?

ಬೀದರ್ ಜಿಲ್ಲೆಯ ಔರಾದ್ ಸೀಮೆಯಲ್ಲಿ, ಮಹಾರಾಷ್ಟ್ರದ ಗಡಿ ಕೈಗೆಟುಕುವಷ್ಟು ಹತ್ತಿರದಲ್ಲಿ ಡಾಬಕಾ ಇದೆ. ತೊಗರಿ, ಉದ್ದು, ಸೋಯಾ ಬೆಳೆಯುವ ನಾಡು. ಮರಾಠಿ ಮನೆಯಲ್ಲೂ ಕನ್ನಡ ಕಚೇರಿಯಲ್ಲೂ ನಡೆಯುವುದು ಇಲ್ಲಿನವರಿಗೆ ಹೊಸದೇನಲ್ಲ. ಬೀದರಿಗೆ ಬರುವ ಪ್ರವಾಸಿ ಕೋಟೆ, ಮದರಸಾ, ಚೌಬಾರಾ, ನರಸಿಂಹ ಝರಣಿ ನೋಡಿಕೊಂಡು ಹೋಗುತ್ತಾನೆ, ಡಾಬಕಾದತ್ತ ತಿರುಗುವುದಿಲ್ಲ. ಆದರೆ ಒಂದು ವಿಷಯದಲ್ಲಿ ಈ ಹಳ್ಳಿ ಬಹಮನಿಗಳ ರಾಜಧಾನಿಯಾಗಿದ್ದ ಬೀದರಿಗಿಂತ ಮುಂದಿದೆ. ತನ್ನ ಓಣಿಗೆ ಏನು ಬೇಕೆಂದು ಸಭೆಯಲ್ಲಿ ಕೂತು ಹೇಳುವ ಕಾನೂನುಬದ್ಧ ಹಕ್ಕು ಡಾಬಕಾದವನಿಗಿದೆ. ಬೀದರ್ ನಗರದವನಿಗೆ ಅಂಥ ಹಕ್ಕನ್ನು ಸಂವಿಧಾನ ಕಡ್ಡಾಯ ಮಾಡಿಯೇ ಇಲ್ಲ.

ಲೆಕ್ಕ ಸರಳ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸುಮಾರು 400 ಜನಕ್ಕೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಸೇರಬೇಕು. ವಾರ್ಡಿನ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಬಂದರೆ ಕೋರಂ. ಬಂದವರಲ್ಲಿ ನೂರಕ್ಕೆ 30ರಷ್ಟು ಹೆಂಗಸರಿರಬೇಕು. ಯಾರಿಗೆ ಮನೆ ಮಂಜೂರಾಗಬೇಕು, ಬೀದಿ ದೀಪ ಎಲ್ಲಿ ಬೇಕು, ಚರಂಡಿ ಯಾವ ಓಣಿಗೆ ಮೊದಲು ಎಂಬುದೆಲ್ಲ ಅಲ್ಲಿ ಚರ್ಚೆಯಾಗಿ ನಡಾವಳಿ ಪುಸ್ತಕಕ್ಕೆ ಏರಬೇಕು, ಬಂದವರ ಸಹಿ ಅಥವಾ ಹೆಬ್ಬೆಟ್ಟು ಬೀಳಬೇಕು. ಈಗ ಬೀದರ್ ನೋಡಿ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 2.16 ಲಕ್ಷ, ನಗರಸಭೆಯ ವಾರ್ಡುಗಳು 35. ಅಂದರೆ ಒಬ್ಬ ಸದಸ್ಯನ ಹಿಂದೆ ಆರು ಸಾವಿರಕ್ಕೂ ಮಿಕ್ಕಿ ಜನ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ. ಬೀದರ್ ಆ ಗೆರೆಯ ಕೆಳಗೆ ಉಳಿಯಿತು. 40 ಸಾವಿರದ ಆಸುಪಾಸಿನ ಭಾಲ್ಕಿ ಪುರಸಭೆಯಾಗಲಿ, ಔರಾದ್ ಪಟ್ಟಣ ಪಂಚಾಯಿತಿಯಾಗಲಿ ಆ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಊರು ದೊಡ್ಡದಾದಷ್ಟೂ ನಾಗರಿಕ ಸಣ್ಣವನಾಗುವ ವಿಚಿತ್ರ ಏರ್ಪಾಡಿದು.

ನಾವು ಪ್ರಶಸ್ತಿ ಕೊಡುವ ರೀತಿಯಲ್ಲೂ ಇದೇ ಓರೆ ಕಾಣುತ್ತದೆ. ಹಳ್ಳಿಗಳಿಗೆ ಗಾಂಧಿ ಗ್ರಾಮ ಪುರಸ್ಕಾರವಿದೆ: ತಾಲ್ಲೂಕಿಗೊಂದು ಗ್ರಾಮ ಪಂಚಾಯಿತಿ, 5 ಲಕ್ಷ ರೂಪಾಯಿ. ಅದು ಸಂಸ್ಥೆ ನಡೆದ ಬಗೆಯನ್ನು ನೋಡಿ ಕೊಡುವ ಬಹುಮಾನ. ನಗರಗಳ ಪಾಲಿಗೆ ಪ್ರಶಸ್ತಿ ಎಂದರೆ 2016ರಿಂದ ಬಹುತೇಕ ಸ್ವಚ್ಛ ಸರ್ವೇಕ್ಷಣೆಯ ರ‍್ಯಾಂಕು. ಕಸ ವಿಂಗಡಣೆ ಆಗಿದೆಯೇ, ಶೌಚಾಲಯ ನೆಟ್ಟಗಿದೆಯೇ ಎಂದು ಅಳೆಯುವುದು ತಪ್ಪಲ್ಲ. ಆದರೆ ಕಸದ ಗುತ್ತಿಗೆ ಯಾರಿಗೆ ಎಂದು ನಿರ್ಧರಿಸಿದವರು ಯಾರು, ಆ ನಿರ್ಧಾರ ವಾರ್ಡಿನವರಿಗೆ ಯಾವಾಗ ಗೊತ್ತಾಯಿತು ಎಂಬುದಕ್ಕೆ ಆ ರ‍್ಯಾಂಕಿನಲ್ಲಿ ಉತ್ತರವಿಲ್ಲ. ಸಿಎಜಿ 2024ರ ನವೆಂಬರಿನಲ್ಲಿ 18 ರಾಜ್ಯಗಳ ಲೆಕ್ಕ ಒಟ್ಟುಗೂಡಿಸಿ ಹೇಳಿದ್ದೇನು? ಸಂವಿಧಾನದ 12ನೇ ಅನುಸೂಚಿಯ 18 ಕೆಲಸಗಳಲ್ಲಿ ಸರಾಸರಿ 17 ಕಾಗದದ ಮೇಲೆ ನಗರಗಳಿಗೆ ವರ್ಗವಾಗಿವೆ. ಪೂರ್ತಿ ಸ್ವಾಯತ್ತವಾಗಿ ಅವುಗಳ ಕೈಗೆ ಬಂದಿರುವುದು ನಾಲ್ಕೇ. ಹೀಗಿರುವಾಗ ರಸ್ತೆ ಚೊಕ್ಕವಿದ್ದ ಊರಿಗೆಲ್ಲ ಉತ್ತಮ ಆಡಳಿತದ ಹಾರ ಹಾಕಿದರೆ ಆ ಹಾರ ತಪ್ಪು ಕೊರಳಿಗೆ ಬೀಳಬಹುದು. ಕೆಲಸ ಮಾಡಿಸಿದವರು ಬೆಂಗಳೂರಿನಲ್ಲೋ ಜಿಲ್ಲಾಧಿಕಾರಿ ಕಚೇರಿಯಲ್ಲೋ ಇರಬಹುದು.

ಅಧಿಕಾರ ನಿಜಕ್ಕೂ ಯಾರ ಕೈಯಲ್ಲಿದೆ ಎಂಬ ಈ ಗೊಂದಲ ಬೀದರಿಗೆ ಹಳೆಯದು. ಬಹಮನಿ ವಜೀರ ಮಹಮೂದ್ ಗವಾನ್ ನಾಲ್ಕು ತರಫುಗಳನ್ನು, ಎಂದರೆ ಪ್ರಾಂತಗಳನ್ನು, ಎಂಟಾಗಿ ಒಡೆದ. ಒಬ್ಬ ತರಫದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿದ. ಮೇಲುನೋಟಕ್ಕೆ ವಿಕೇಂದ್ರೀಕರಣ, ಒಳಗೆ ತದ್ವಿರುದ್ಧ. ಪ್ರಾಂತಗಳ ಬಲ ಕೆಳಗಿನವರಿಗೆ ಇಳಿಯಲಿಲ್ಲ, ಸುಲ್ತಾನನತ್ತ ಏರಿತು. (1481ರಲ್ಲಿ ಅದೇ ಸುಲ್ತಾನ ಅವನ ತಲೆ ತೆಗೆಸಿದ; ದಕ್ಷ ಆಡಳಿತಗಾರನಿಗೆ ಸಿಕ್ಕ ಸನ್ಮಾನ ಅದು.) ತಾಲ್ಲೂಕು, ವಲಯ, ವಾರ್ಡ್ ಎಂದು ಒಡೆದ ಮಾತ್ರಕ್ಕೆ ಅಧಿಕಾರ ಹಂಚಿದಂತಾಗುವುದಿಲ್ಲ.

ಬೀದರಿನದೇ ನೌಬಾದಿನ ಸುರಂಗ ಬಾವಿಯ ಕಥೆ ಇನ್ನೂ ಹತ್ತಿರದ್ದು. ಜಂಬಿಟ್ಟಿಗೆಯ ಕಲ್ಲು ಕೊರೆದು, ಅಂತರ್ಜಲವನ್ನು ನೆಲದೊಳಗೇ ಇಳಿಜಾರಿನಲ್ಲಿ ಹರಿಸಿ, ಅಲ್ಲಲ್ಲಿ ನೇರ ಕಿಂಡಿಗಳನ್ನು ತೆರೆದು ಬಹಮನಿಗಳು ಕಟ್ಟಿದ ನೀರಿನ ವ್ಯವಸ್ಥೆ ಅದು. ಕಿಂಡಿಯೊಂದಕ್ಕೆ ಮಣ್ಣು ಬಿದ್ದರೆ, ಕಸ ಸುರಿದರೆ ಮುಂದಿನ ಹರಿವಿಗೆ ಅಡ್ಡಿ. ಹಾಗೆ ಮುಚ್ಚುತ್ತಿರುವುದು ಮೊದಲು ತಿಳಿಯುವುದು ಪಕ್ಕದ ಮನೆಯವರಿಗೆ; ಕಡತಕ್ಕೆ ಬರುವಷ್ಟರಲ್ಲಿ ವರ್ಷಗಳು ಉರುಳಿರುತ್ತವೆ. 2015-16ರ ಬರಗಾಲದಲ್ಲಿ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಕೆರೆ, ತೆರೆದ ಬಾವಿಗಳ ಹೂಳೆತ್ತಿಸಿದರು. ಆ ಕೆಲಸವನ್ನು ಜಿಲ್ಲೆ ಇಂದಿಗೂ ನೆನೆಯುತ್ತದೆ, ನೆನೆಯಬೇಕು. ಆದರೆ ಒಳ್ಳೆಯ ಅಧಿಕಾರಿಗೆ ವರ್ಗಾವಣೆ ಇದ್ದದ್ದೇ. ಬಾವಿಯ ಪಕ್ಕದ ಓಣಿ ಮಾತ್ರ ವರ್ಗವಾಗುವುದಿಲ್ಲ. ಹೂಳೆತ್ತಿದ ಮರುವರ್ಷ, ಅದರ ಮರುವರ್ಷ ಕಿಂಡಿಯನ್ನು ನೋಡಿಕೊಳ್ಳುವ ಹೊಣೆ, ಅದಕ್ಕಿಷ್ಟು ದುಡ್ಡು ಆ ಓಣಿಯವರ ಸಭೆಗೆ ಇದ್ದರೆ ಅದನ್ನು ಉತ್ಕೃಷ್ಟತೆ ಎಂದು ಗುರುತಿಸಬಹುದು.

ಹಳ್ಳಿಯ ಸಭೆಗಳೇನು ಮಹಾ, ಎಷ್ಟೋ ಕಡೆ ಅವು ರಿಜಿಸ್ಟರಿನಲ್ಲೇ ನಡೆದು ಮುಗಿಯುತ್ತವೆ ಎಂಬ ಆಕ್ಷೇಪವಿದೆ. ನಿಜವೇ. ಆದರೆ ನಡೆಯದ ಸಭೆಯನ್ನು ನಡೆಯಲಿಲ್ಲ ಎಂದು ಪ್ರಶ್ನಿಸಲು ಹಳ್ಳಿಗನ ಕೈಯಲ್ಲಿ ಕಾಯ್ದೆಯಿದೆ. ಕಾಯ್ದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮಂಗಳೂರು ಸಾಕ್ಷಿ: ಅಲ್ಲಿ ನಾಗರಿಕರು ಹೈಕೋರ್ಟ್ ಮೆಟ್ಟಿಲೇರಿದ ಮೇಲೆಯೇ ವಾರ್ಡ್ ಸಮಿತಿಗಳು ರೂಪುಗೊಂಡವು. ದುಡ್ಡಿಲ್ಲದ ಊರಿಗೆ ಸಮಿತಿ ಯಾಕೆ ಎನ್ನುವವರೂ ಇದ್ದಾರೆ. ಕೇರಳ 1996ರ ಜನಕೀಯ ಯೋಜನೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಯೋಜನಾ ಹಣದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲನ್ನು ಮೊದಲೇ ಸ್ಥಳೀಯ ಸಂಸ್ಥೆಗಳಿಗೆ ಇಟ್ಟಿತು, ಸಾಮರ್ಥ್ಯ ಬರಲಿ ಆಮೇಲೆ ಕೊಡೋಣ ಎಂದು ಕಾಯಲಿಲ್ಲ. ನಮ್ಮಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಕಲಬುರಗಿಯಿಂದ ಹರಿಯುತ್ತದೆ. ಅದರಲ್ಲಿ ಒಂದು ಸಣ್ಣ ಪಾಲಿಗಾದರೂ ವಾರ್ಡಿನ ಒಪ್ಪಿಗೆ ಕಡ್ಡಾಯವಾದರೆ ಸಮಿತಿಗೆ ಜೀವ ಬರುತ್ತದೆ.

ಗಟ್ಟಿಯಾದ ಆಕ್ಷೇಪ ಬೇರೆಯದು: ಇಂಥ ಸಭೆಗಳಿಗೆಂದೇ ಪ್ರಶಸ್ತಿ ಇಟ್ಟರೆ ದಾಖಲೆ ಸೃಷ್ಟಿಸುವವರು ಹುಟ್ಟಿಕೊಳ್ಳುತ್ತಾರೆ, ಗೆದ್ದವರು ಮೈಮರೆಯುತ್ತಾರೆ. ಬ್ರೆಜಿಲ್‌ನ ಪೋರ್ತೊ ಅಲೆಗ್ರೆ 1989ರಲ್ಲಿ ಬಜೆಟ್ಟನ್ನು ನಾಗರಿಕರ ಸಭೆಗಳಿಗೆ ಒಯ್ದು ಜಗತ್ತಿನ ಮೆಚ್ಚುಗೆ ಗಳಿಸಿತು. 2004ರ ಚುನಾವಣೆಯಲ್ಲಿ ಅಲ್ಲಿನ ಆಡಳಿತ ಬದಲಾದ ಮೇಲೆ ಆ ಪದ್ಧತಿ ಸೊರಗುತ್ತ ಹೋಯಿತು. ಆದ್ದರಿಂದ ಒಂದು ವರ್ಷದ ಸಾಧನೆಗೆ ಕೊಟ್ಟು ಕೈತೊಳೆದುಕೊಳ್ಳುವ ಫಲಕ ಬೇಡ. ಪ್ರಶಸ್ತಿ ಕೊಡುವವರು ಮೂರು ವರ್ಷದ ನಡಾವಳಿ ಪುಸ್ತಕ ತರಿಸಿ ನೋಡಲಿ: ಸಭೆ ಕೇಳಿದ್ದರಲ್ಲಿ ಎಷ್ಟು ಆಯಿತು, ಆಗದ್ದಕ್ಕೆ ಲಿಖಿತ ಕಾರಣ ಕೊಟ್ಟರೇ, ಹಳೇ ಬೀದರಿನ ಉರ್ದು ಮಾತಿನವರಿಗೂ ಔರಾದಿನ ಮರಾಠಿ ಮಾತಿನವರಿಗೂ ಠರಾವನ್ನು ಅವರವರ ಭಾಷೆಯಲ್ಲಿ ಓದಿ ಹೇಳಿದರೇ. ಇವನ್ನು ರಾತ್ರೋರಾತ್ರಿ ಸೃಷ್ಟಿಸುವುದು ಕಷ್ಟ.

2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ನಡೆದ ಸಂಪುಟ ಸಭೆ ಬೀದರ್ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿಸಲು ಒಪ್ಪಿತು. ಪಾಲಿಕೆ ಎಂದರೆ ಹೆಚ್ಚು ಅನುದಾನ, ದೊಡ್ಡ ಅಧಿಕಾರಿ. ಪೌರ ನಿಗಮಗಳ ಕಾಯ್ದೆಯಲ್ಲಿ 2011ರ ತಿದ್ದುಪಡಿಯಿಂದ ವಾರ್ಡ್ ಸಮಿತಿಗೆ ಜಾಗವಿದೆ, ಅದು ಲಾಭವೇ. ಆದರೆ ನಗರಸಭೆ ಅಧ್ಯಕ್ಷರಿಗೆ 30 ತಿಂಗಳ ಅವಧಿಯಿದ್ದರೆ, ಅದೇ ಕಾಯ್ದೆ ಮೇಯರ್‌ಗೆ ಒಂದೇ ವರ್ಷ ಕೊಡುತ್ತ ಬಂದಿದೆ. ಕಡತ ಅರ್ಥವಾಗುವ ಹೊತ್ತಿಗೆ ಕುರ್ಚಿ ಬಿಡಬೇಕು. ಪಾಲಿಕೆಯ ಮೇರೆಯೊಳಗೆ ಬರುವ ಅಕ್ಕಪಕ್ಕದ ಹಳ್ಳಿಗಳ ಸ್ಥಿತಿ ಇನ್ನೂ ಯೋಚಿಸುವಂಥದ್ದು. 400 ಜನಕ್ಕೊಬ್ಬ ಸದಸ್ಯನಿದ್ದವರು ಸಾವಿರಾರು ಜನಕ್ಕೊಬ್ಬ ಸದಸ್ಯನ ಪಾಲಿಗೆ ಬರುತ್ತಾರೆ. ವಾರ್ಡ್ ಸಭೆಯ ಹಕ್ಕು ಪಂಚಾಯಿತಿಯ ಜೊತೆಗೇ ಹೋಗುತ್ತದೆ, ತೆರಿಗೆ ಮಾತ್ರ ನಗರದ್ದಾಗುತ್ತದೆ. ಆ ಹಳ್ಳಿಗಳಲ್ಲಿ ಈಗಿರುವ ವಾರ್ಡ್ ಸಭೆಗಳನ್ನು ಹಾಗೆಯೇ ಓಣಿ ಮಟ್ಟದ ಏರಿಯಾ ಸಭೆಗಳಾಗಿ ಮುಂದುವರಿಸಿ, ಅದೇ ನಿಯಮವನ್ನು ಚೌಬಾರಾದ ಸುತ್ತಲಿನ ಓಣಿಗಳಿಗೂ ವಿಸ್ತರಿಸುವುದು ಹೊಸ ಪಾಲಿಕೆಗೆ ಸಾಧ್ಯ. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ವಾರ್ಡ್ ಪುನರ್ವಿಂಗಡಣೆಯ ಕರಡು ಹೊರಬೀಳುವಾಗಲೇ ಸಭೆಗಳ ಮೇರೆಯನ್ನೂ ಗುರುತಿಸಿದರೆ ಸಾಕು.