ನೇರವಾಗಿ ಕೇಳುವ ಪಾಠ

ಉದ್ದೇಶಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿದ್ದ 1917ರ ನಿಯಮವನ್ನು 1983ರ ಧರ್ಮಸಭೆಯ ಕಾನೂನು ಸಂಹಿತೆ ಕೈಬಿಟ್ಟಿತು. ಗುರುಮಠದಲ್ಲಿ ನಾವು ಇದನ್ನು ತಪ್ಪದೆ ಬೋಧಿಸುತ್ತೇವೆ. ಆದರೆ ಅದು ಸಾವಿನ ನಂತರದ ಪಾಠ. ಸಮಾಜಕಾರ್ಯದ ವಿದ್ಯಾರ್ಥಿಗಳು ಜೋಡಿಯಾಗಿ ಕುಳಿತು ಅಭ್ಯಾಸ ಮಾಡುವ ಪ್ರಶ್ನೆಯೊಂದಿದೆ: “ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?” ನಮ್ಮ ಗುರುವಿದ್ಯಾರ್ಥಿಗಳ ನಾಲಗೆಗೆ ಅದು ಹೊಸತು. ಕೇಳಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾದೀತೆಂಬ ಅಂಜಿಕೆಗೆ ಆಧಾರವಿಲ್ಲ. ಕೇಳುವವರೊಬ್ಬರು ಸಿಕ್ಕರೆಂದು ಅನೇಕರ ಎದೆಭಾರ ಇಳಿಯುತ್ತದೆ.

ಪಾಪನಿವೇದನೆಯಲ್ಲಿ ಇದು ಕೇಳಿಬಂದರೆ? ಗೌಪ್ಯದ ಮುದ್ರೆ ಅಲ್ಲಿಯೂ ಅಭೇದ್ಯವೇ. ಆದರೂ, “ಹೊರಗೆ ಕುಳಿತು ಮತ್ತೆ ಮಾತನಾಡೋಣ, ನೀವು ಒಪ್ಪಿದರೆ ವೈದ್ಯರ ಬಳಿಗೆ ಜೊತೆಯಲ್ಲೇ ಹೋಗೋಣ” ಎಂದು ಬೇಡಿಕೊಳ್ಳಲು ಅಡ್ಡಿಯಿಲ್ಲ. ಈ ಮಾತನ್ನೂ, ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಗುರುದೀಕ್ಷೆಗೆ ಮುನ್ನವೇ ಬಾಯಿಪಾಠ ಮಾಡಿಸಬೇಕು.